ಸಹನಾಳ ನಡತೆ

ನನ್ನ ಅಕ್ಷರ ದುಂಡಗಿತ್ತು. ಇದನ್ನು ಜಂಬವೆಂದು ತಿಳಿಯಬೇಡಿ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನನ್ನಂಥವಳ ಹತ್ತಿರ ತೋರಿಸಿಕೊಳ್ಳಲು ಬೇರೇನೂ ಉಳಿದಿರುವುದಿಲ್ಲ. ರಾಣೆಬೆನ್ನೂರಿನ ನಮ್ಮ ಶಾಲೆಯಲ್ಲಿ ಈ ದುಂಡಗಿನ ಅಕ್ಷರಕ್ಕೆ ಸಿಕ್ಕ ಬಹುಮಾನವೆಂದರೆ, ಪರೀಕ್ಷೆ ಮುಗಿದು ಬಿಸಿಲೇರಿದ ಕೂಡಲೇ ಕಚೇರಿಯ ಸಿಪಾಯಿ ದಪ್ಪ ರಟ್ಟಿನ ಟಿ.ಸಿ. ಪುಸ್ತಕವನ್ನು ತಂದು ನನ್ನ ಮೇಜಿನ ಮೇಲೆ ಇಡುವುದು. ಹೊರಗೆ ಬೇವಿನ ಹೂವು ಉದುರಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು; ಒಳಗೆ ನಾನು ಶಾಲೆ ಬಿಟ್ಟು ಹೋಗುವ ಮಕ್ಕಳ ಹೆಸರು, ಹುಟ್ಟಿದ ದಿನ, ಬಿಟ್ಟ ಕಾರಣ ಎಲ್ಲವನ್ನೂ ಒಂದೊಂದಾಗಿ ತುಂಬುತ್ತ ಕೊನೆಗೆ ‘ನಡತೆ’ ಎಂಬ ಕಾಲಮ್ಮಿಗೆ ಬಂದು, ಯೋಚನೆಯಿಲ್ಲದೆ ‘ಉತ್ತಮ’ ಎಂದು ಬರೆದು, ಶಾಯಿ ಒಣಗಲೆಂದು ಪುಸ್ತಕವನ್ನು ಸ್ವಲ್ಪ ಹೊತ್ತು ತೆರೆದಿಡುತ್ತಿದ್ದೆ. ಎಷ್ಟು ನೂರು ಮಕ್ಕಳ ನಡತೆಯನ್ನು ಹೀಗೆ ಉತ್ತಮಗೊಳಿಸಿದ್ದೇನೋ ಲೆಕ್ಕವಿಲ್ಲ.

ನಡತೆ ಎಂಬ ಮಾತು ‘ನಡೆ’ಯಿಂದ ಹುಟ್ಟಿದ್ದು ಎಂದು ಅದೇ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆದರೆ ಶಾಲೆಯೊಳಗೆ ಒಳ್ಳೆಯ ನಡತೆಯೆಂದರೆ ನಡೆಯದೇ ಇರುವುದು, ಕೂರಿಸಿದಲ್ಲಿ ಕೂತಿರುವುದು ಎಂಬ ವಿನೋದ ನನಗೆ ಹೊಳೆದದ್ದು, ಸಹನಾ ಎಂಬ ಹುಡುಗಿ ನನ್ನ ನಾಲ್ಕನೇ ತರಗತಿಗೆ ಬಂದು ಹೋದ ಎಷ್ಟೋ ಕಾಲದ ಮೇಲೆ.

ಹೆಸರಿಡುವಾಗ ತಂದೆತಾಯಿಗೆ ಮುಂದಿನದು ಹೇಗೆ ತಿಳಿಯಬೇಕು? ಆ ಹುಡುಗಿಗೆ ಸಹನೆಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ನಾನು ಪ್ರಶ್ನೆಯನ್ನು ಅರ್ಧ ಕೇಳುವಷ್ಟರಲ್ಲಿ ಅವಳ ಉತ್ತರ ಬಂದಿರುತ್ತಿತ್ತು. ಉತ್ತರ ಸರಿಯೋ ತಪ್ಪೋ ನಾನು ಹೇಳುವಷ್ಟರಲ್ಲಿ ಅವಳು ಅಲ್ಲಿರುತ್ತಿರಲಿಲ್ಲ, ಮೂರು ಬೆಂಚು ದಾಟಿ ಯಾರದೋ ಜಡೆಯ ರಿಬ್ಬನ್ ಬಿಚ್ಚುತ್ತಿರುತ್ತಿದ್ದಳು. ಉಕ್ತಲೇಖನ ಹಾಕಿದರೆ ‘ರಾಣೆಬೆ’ ಎಂದು ಬರೆಯುವ ಹೊತ್ತಿಗೆ ದೂರದಲ್ಲಿ ರೈಲು ಕೂಗಬೇಕು, ಅವಳು ಕಿಟಕಿಗೆ ಓಡಬೇಕು, ‘ನ್ನೂರು’ ಹಾಳೆಯ ಹೊರಗೇ ಉಳಿಯಬೇಕು. ಅವಳ ನೋಟುಬುಕ್ಕಿನ ತುಂಬ ಇಂಥ ಅರ್ಧ ಊರುಗಳು, ಅರ್ಧ ಹೂವುಗಳು, ತಲೆ ಇದ್ದು ಕಾಲಿಲ್ಲದ ಪ್ರಾಣಿಗಳು. ಒಮ್ಮೆ ಕುಡಿಯುವ ನೀರಿನ ಡ್ರಮ್ಮನ್ನು ಪಡಸಾಲೆಯಲ್ಲಿ ಉರುಳಿಸಿಬಿಟ್ಟಳು. ಯಾಕೆಂದು ಕೇಳಿದರೆ, ನೀರು ಯಾವ ಕಡೆ ಹೋಗುತ್ತದೆಂದು ನೋಡಬೇಕಿತ್ತಂತೆ. ಬೈದರೆ ಅಳುತ್ತಿರಲಿಲ್ಲ. ಬೈಗುಳ ಮುಗಿಯುವುದನ್ನೇ ಕಾದು, ಬಂದು ನನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಲ್ಲುತ್ತಿದ್ದಳು.

ನಾನು ಹಾವೇರಿಯವಳು. ದಿನವೂ ಬೆಳಗಿನ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಸಂಜೆಯ ಗಾಡಿಗೆ ಮರಳುತ್ತಿದ್ದೆ. ಆ ಪಯಣವನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಮೆಣಸಿನಕಾಯಿಯ ಹಂಗಾಮಿನಲ್ಲಿ ಬ್ಯಾಡಗಿ ಹತ್ತಿರವಾದಂತೆ ಡಬ್ಬಿಯ ಒಂದು ತುದಿಯಿಂದ ಸೀನು ಶುರುವಾಗಿ ಇನ್ನೊಂದು ತುದಿ ಮುಟ್ಟುತ್ತಿತ್ತು. ಪರಿಚಯವಿಲ್ಲದವರೂ ಒಬ್ಬರ ಸೀನಿಗೆ ಒಬ್ಬರು ನಕ್ಕು ಪರಿಚಿತರಾಗುತ್ತಿದ್ದರು. ಆ ಘಾಟು ಮೂಗಿನಿಂದ ಇಳಿಯುವಷ್ಟರಲ್ಲಿ ದೇವರಗುಡ್ಡ ಬರುತ್ತಿತ್ತು, ಆಮೇಲೆ ರಾಣೆಬೆನ್ನೂರು. ಸ್ಟೇಷನ್ನಿನಿಂದ ಶಾಲೆಗೆ ನಡೆಯುವ ದಾರಿಯಲ್ಲಿ ಬೀಜದ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಸಹನಾ ಒಮ್ಮೊಮ್ಮೆ ಅಲ್ಲೇ ಎಲ್ಲಿಂದಲೋ ಪ್ರತ್ಯಕ್ಷಳಾಗಿ ನನ್ನ ಊಟದ ಚೀಲವನ್ನು ಕಸಿದುಕೊಂಡು, ಶಾಲೆಯವರೆಗೆ ಓಡಿಹೋಗಿ, ಮತ್ತೆ ನನ್ನಲ್ಲಿಗೆ ಓಡಿಬಂದು, ಹೀಗೆ ನಾನು ಒಂದು ಸಲ ನಡೆಯುವ ದಾರಿಯನ್ನು ಮೂರು ಸಲ ನಡೆಯುತ್ತಿದ್ದಳು. ಬೆಳಗಿನ ಆ ಹೊತ್ತಿನಲ್ಲಿ ಅವಳೆಂದರೆ ನನಗೆ ಪ್ರೀತಿ. ಹನ್ನೊಂದು ಗಂಟೆಯ ಹೊತ್ತಿಗೆ ಅದೇ ಪ್ರೀತಿ ತಲೆನೋವಾಗಿರುತ್ತಿತ್ತು.

ಅವಳ ತಾಯಿ ರೇಣುಕಾ ಊರಿನ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ತಂದೆ ಬೀಜದ ಕಂಪನಿಯೊಂದರ ಗಾಡಿ ಓಡಿಸುತ್ತ ತಿಂಗಳಲ್ಲಿ ಹದಿನೈದು ದಿನ ಊರಲ್ಲೇ ಇರುತ್ತಿರಲಿಲ್ಲ. ಮಗಳ ಮೇಲಿನ ದೂರುಗಳನ್ನು ಕೇಳಿ ಕೇಳಿ ದಣಿದ ರೇಣುಕಾ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿ, ವೈದ್ಯರು ಬರೆದುಕೊಟ್ಟ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನಮ್ಮ ಹೆಡ್‌ಸರ್ ಮುಂದಿಟ್ಟಳು. ಅದರಲ್ಲಿ ಗಮನ ನಿಲ್ಲದಿರುವ, ಕೈಕಾಲು ಸುಮ್ಮನಿರದ ಒಂದು ತೊಂದರೆಯ ಹೆಸರು ಇತ್ತು. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೆಲಸವನ್ನು ತುಂಡು ತುಂಡಾಗಿ ಕೊಡಿ, ನಡುವೆ ಓಡಾಡಲು ಬಿಡಿ ಎಂಬ ಸೂಚನೆಗಳಿದ್ದವು.

“ಹಠ ಅಲ್ಲಂತ್ರಿ ಇದು, ಡಾಕ್ಟರ್ ಹೇಳ್ಯಾರ,” ಎಂದಳು ರೇಣುಕಾ. ಅಪರಾಧಿಗೆ ಜಾಮೀನು ಸಿಕ್ಕಾಗಿನ ಸಮಾಧಾನ ಅವಳ ದನಿಯಲ್ಲಿತ್ತು.

ಹೆಡ್‌ಸರ್ ಕೆಟ್ಟವರಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬಳಿಗಾಗಿ ಬೇರೆ ಶಾಲೆ ನಡೆಸಲಾಗುವುದಿಲ್ಲವೆಂದು ತಾಳ್ಮೆಯಿಂದಲೇ ತಿಳಿಸಿ ಕಾಗದವನ್ನು ಫೈಲಿನಲ್ಲಿ ಸೇರಿಸಿದರು. ನಾನೂ ಹೂಂಗುಟ್ಟಿದೆ. ಆದರೂ ಕಾಗದದ ಆ ಕೊನೆಯ ಸೂಚನೆ ನನ್ನ ತಲೆಯಲ್ಲಿ ಉಳಿದು, ಸಹನಾ ತೀರಾ ಚಡಪಡಿಸಿದಾಗಲೆಲ್ಲ ಅವಳನ್ನು ಕಚೇರಿಗೆ ಅಟ್ಟುವುದನ್ನು ರೂಢಿ ಮಾಡಿಕೊಂಡೆ. ಹಾಜರಿ ಪುಸ್ತಕ ತಾ, ಸುಣ್ಣದ ಕಡ್ಡಿ ತಾ, ಗಂಟೆ ಎಷ್ಟಾಯಿತು ನೋಡಿ ಬಾ. ಅವಳು ಹೋಗಿ ಬಂದ ಮೇಲೆ ಒಂದು ಕಾಲು ಗಂಟೆ ಇಡೀ ತರಗತಿಗೆ ಸುಖವಿರುತ್ತಿತ್ತು, ಅವಳಿಗೂ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿದ್ಯೆಯೆಂದೂ ಅನಿಸಿರಲಿಲ್ಲ.

ದಸರಾ ರಜೆ ಮುಗಿದ ಮೇಲಿನ ಒಂದು ಸೋಮವಾರ ನಾನು ಅವಳನ್ನು ಹಾಜರಿ ಪುಸ್ತಕಕ್ಕೆ ಕಳಿಸಿದೆ. ತಡವಾಗಿತ್ತು. “ಲಗೂ ಬಾ, ಓಡು,” ಎಂದೆ. ಅವಳು ಓಡಿದಳು. ಪುಸ್ತಕ ಹಿಡಿದು ಮರಳುವಾಗ ಪಡಸಾಲೆಯ ತಿರುವಿನಲ್ಲಿ ಐದನೇ ತರಗತಿಯ ಹುಡುಗನೊಬ್ಬ ಊಟದ ಡಬ್ಬಿ ಹಿಡಿದು ಎದುರಿಗೆ ಬಂದ. ಇಬ್ಬರೂ ಬಿದ್ದರು, ಅವನ ಬಾಯಿ ಮೆಟ್ಟಿಲಿಗೆ ಬಡಿದು ಮುಂದಿನ ಹಲ್ಲು ಮುರಿಯಿತು. ನಾನು ಓಡಿಹೋಗಿ ನೋಡಿದಾಗ ಹುಡುಗನ ಅಂಗಿಯ ಮೇಲೆ ರಕ್ತ, ನೆಲದ ಮೇಲೆ ಅನ್ನ, ಅದರ ನಡುವೆ ಸಹನಾ ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅದು ಮಾತ್ರ ಕೊಳೆಯಾಗಿರಲಿಲ್ಲ.

ಹುಡುಗನ ತಂದೆ ಊರಿನಲ್ಲಿ ತೂಕವಿದ್ದ ವ್ಯಾಪಾರಿ, ಆಡಳಿತ ಮಂಡಳಿಯವರಿಗೆ ಬೇಕಾದವರು. ಆ ಹುಡುಗಿ ಇರುವ ಶಾಲೆಯಲ್ಲಿ ತಮ್ಮ ಮಗ ಇರುವುದಿಲ್ಲ ಎಂದರು. ಮರುದಿನ ಹೆಡ್‌ಸರ್ ಕೋಣೆಯಲ್ಲಿ ರೇಣುಕಾಳನ್ನು ಕೂರಿಸಿದರು; ತರಗತಿ ಶಿಕ್ಷಕಿಯೆಂದು ನನ್ನನ್ನೂ ಕರೆಸಿದರು. ನಾಲ್ಕನೇ ತರಗತಿಯ ಮಗುವನ್ನು ಶಾಲೆಯಿಂದ ತೆಗೆದುಹಾಕಲು ಕಾನೂನು ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ದಾರಿಯೂ ಎಲ್ಲರಿಗೂ ಗೊತ್ತಿತ್ತು. ಪಾಲಕರೇ ಅರ್ಜಿ ಬರೆದು ಕೊಟ್ಟರಾಯಿತು. ಮಗುವಿನ ಹಿತಕ್ಕಾಗಿಯೇ ಇದು, ಬೇರೆ ಕಡೆ ಹೊಂದಿಕೊಂಡೀತು ಎಂದು ಹೆಡ್‌ಸರ್ ತಿಳಿಹೇಳಿದರು. ರೇಣುಕಾ ವೈದ್ಯರ ಕಾಗದದ ಮಾತೆತ್ತಿದಳು. ಫೈಲು ಕಪಾಟಿನಲ್ಲಿದೆ ಎಂದರು. ಮಗಳು ಬೇಕೆಂದು ದೂಡಿದ್ದಲ್ಲ ಎಂದಳು. ಯಾವಾಗಲೂ ಓಡುತ್ತಿರುತ್ತಾಳಲ್ಲ ಎಂದರು. ಅವಳನ್ನು ಓಡಿಸಿದವಳು ನಾನು ಎಂಬ ಒಂದು ವಾಕ್ಯ ನನ್ನ ಗಂಟಲಲ್ಲಿತ್ತು. ಆ ವಾಕ್ಯಕ್ಕೆ ವ್ಯಾಕರಣದೋಷವೇನೂ ಇರಲಿಲ್ಲ, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಇದ್ದವು. ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆ ವಾಕ್ಯ ಹೊರಗೆ ಬರಲಿಲ್ಲ.

ಅರ್ಜಿಯ ಒಕ್ಕಣೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ‘ನಮ್ಮ ಕೌಟುಂಬಿಕ ಕಾರಣಗಳಿಂದ, ಸ್ವ ಇಚ್ಛೆಯಿಂದ’ ಎಂದು ನಾನು ಹೇಳುತ್ತಿದ್ದಂತೆ ರೇಣುಕಾಳ ಪೆನ್ನು ನಿಂತಿತು.

“ಇಚ್ಛಾ ಅನ್ನೂದನ್ನ ಹೆಂಗ ಬರೀಬೇಕ್ರಿ, ಅಕ್ಕೋರ?”

ನಾನು ಒಂದು ಚೀಟಿಯ ಮೇಲೆ, ಚಕಾರಕ್ಕೆ ಛಕಾರದ ಒತ್ತು ಕೊಟ್ಟು, ದುಂಡಗೆ ಬರೆದು ಅವಳ ಮುಂದೆ ಸರಿಸಿದೆ. ಚೀಟಿಯನ್ನೇ ನೋಡುತ್ತಿದ್ದೆ. ಅವಳು ಬರೆದು, ಸಹಿ ಮಾಡಿದಳು.

ಟಿ.ಸಿ. ಬರೆಯುವಾಗ ನಡತೆಯ ಕಾಲಮ್ಮಿಗೆ ಬಂದು ನಿಂತೆ. “ತೃಪ್ತಿಕರ ಅಂತ ಹಾಕ್ರಿ,” ಎಂದರು ಹೆಡ್‌ಸರ್. ನಿಮಗೆ ಇದು ಒಳ್ಳೆಯ ಮಾತಾಗಿಯೇ ಕೇಳಿಸೀತು. ಹೊಟ್ಟೆ ತುಂಬಿದವನು ತೃಪ್ತಿ ಎನ್ನುತ್ತಾನೆ, ಟಿ.ಸಿ.ಯ ಭಾಷೆಯಲ್ಲಿ ಮಾತ್ರ ತೃಪ್ತಿಕರವೆಂದರೆ ನಮಗೆ ಸಾಕಾಗಿದೆ ಎಂದರ್ಥ. ‘ಉತ್ತಮ’ ಇರಬೇಕಾದಲ್ಲಿ ಅದನ್ನು ಕಂಡ ಯಾವ ಮುಖ್ಯೋಪಾಧ್ಯಾಯನಾದರೂ ಕನ್ನಡಕ ಸರಿಪಡಿಸಿಕೊಂಡು ಎದುರಿಗಿದ್ದ ಮಗುವನ್ನು ಮತ್ತೊಮ್ಮೆ ನೋಡುತ್ತಾನೆ. ನಾನು ಆ ಮಾತನ್ನು ಎಂದಿಗಿಂತ ಚೆಂದವಾಗಿ ಬರೆದೆ. ನಿಧಾನವಾಗಿ ಬರೆದಿದ್ದರಿಂದ ಹಾಗಾಯಿತು.

ಸಹನಾ ಪಾಟಿಚೀಲ ಒಯ್ಯಲು ತರಗತಿಗೆ ಬಂದಳು. ನನ್ನ ಹತ್ತಿರ ಬಂದು, “ನಾ ನಾಳಿಂದ ಬರೂದಿಲ್ಲಂತ್ರಿ. ಮತ್ತ ನಿಮಗ ಹಾಜರಿ ಪುಸ್ತಕ ಯಾರ್ ತಂದು ಕೊಡ್ತಾರ?” ಎಂದು ಕೇಳಿದಳು. ಯಾರಾದರೂ ತರುತ್ತಾರೆ ಬಿಡವಾ ಎಂದೆ. ಅವಳಿಗೆ ಅದು ಸರಿಯೆನಿಸಿತೋ ಏನೋ, ಹೊರಗೆ ರೈಲು ಕೂಗಿದ್ದಕ್ಕೆ ಓಡಿಹೋದಳು.

ಮೊದಲ ವಾರ ನನಗಾದದ್ದು ದುಃಖವಲ್ಲ, ನೆಮ್ಮದಿ. ಸುಳ್ಳು ಹೇಳಿ ನಿಮ್ಮೆದುರು ದೊಡ್ಡವಳಾಗುವುದು ಬೇಡ. ಉಕ್ತಲೇಖನ ಒಂದೇ ಉಸಿರಿಗೆ ಮುಗಿಯಿತು, ಬೆಂಚುಗಳು ಸಾಲಿನಲ್ಲಿ ನಿಂತವು, ಸಂಜೆಯ ಗಾಡಿಯಲ್ಲಿ ನನಗೆ ನಿದ್ದೆ ಬಂತು. ಅದೇ ಗಾಡಿಯಲ್ಲಿ, ಕೆಲವು ದಿನಗಳ ನಂತರ, ನನಗೆ ಫಕೀರವ್ವ ನೆನಪಾದಳು. ಹಾವೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು, ಕೂರುತ್ತಿದ್ದಳು ಎನ್ನುವುದಕ್ಕಿಂತ ಪಕ್ಕದಲ್ಲಿ ಹಾದುಹೋಗುತ್ತಿದ್ದವಳು. ನಮ್ಮ ಅಕ್ಕೋರು ಅವಳನ್ನು ಪಾಠದ ನಡುವೆಯೇ ಬಾವಿಯ ನೀರು ಸೇದಲು ಕಳಿಸುತ್ತಿದ್ದರು. ಅವಳು ಹಾಡುತ್ತ ಹೋಗಿ ಹಾಡುತ್ತ ಬರುತ್ತಿದ್ದಳು. ಆ ಕಾಲ ಎಷ್ಟು ಚೆಂದವಿತ್ತು, ಎಲ್ಲರಿಗೂ ಜಾಗವಿತ್ತು ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಆದರೆ ನೆನಪನ್ನು ಇನ್ನಷ್ಟು ಕೆದಕಿದರೆ, ಐದನೇ ತರಗತಿಯಲ್ಲಿ ಫಕೀರವ್ವ ಇರಲಿಲ್ಲ. ಯಾರೂ ಅವಳನ್ನು ಬಿಡಿಸಲಿಲ್ಲ, ಯಾರೂ ಹುಡುಕಲೂ ಇಲ್ಲ. ಅವಳ ಜಾಗದಲ್ಲಿ ನಾನು ನನ್ನ ಪಾಟಿಚೀಲ ಇಟ್ಟುಕೊಂಡೆ.

ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ, ಹಾವೇರಿಗೆ ಮರಳುವ ಗಾಡಿಯಲ್ಲಿ, ರೇಣುಕಾ ನನ್ನೆದುರಿನ ಸೀಟಿನಲ್ಲಿ ಬಂದು ಕೂತಳು. ಮುಖ ತಿರುಗಿಸಲಿಲ್ಲ. ನಾನು ಸಹನಾ ಹೇಗಿದ್ದಾಳೆಂದು ಕೇಳಿದೆ, ಅವಳು ಹೇಳಿದಳು. ರಾಣೆಬೆನ್ನೂರಿನಲ್ಲಿ ಎರಡು ಶಾಲೆಗಳು ಟಿ.ಸಿ. ನೋಡಿ ಸೀಟು ತುಂಬಿದೆ ಎಂದಿದ್ದವು. ನಾಲ್ಕು ತಿಂಗಳು ಮಗಳು ಮನೆಯಲ್ಲೇ ಉಳಿದು ರೊಟ್ಟಿ ಎಣಿಸಿದಳು. ಗಂಡ ಹೊಡೆದ, ಆಮೇಲೆ ಅತ್ತ. ಕೊನೆಗೆ ಮಗಳನ್ನು ಕರೆದುಕೊಂಡು ಬ್ಯಾಡಗಿಯ ತವರಿಗೆ ಬಂದು, ಕದರಮಂಡಲಗಿ ದಾರಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ಕೇಳಿದಳು. ಅಲ್ಲಿನ ನದಾಫ ಮಾಸ್ತರರು ಟಿ.ಸಿ.ಯನ್ನು ಓದುತ್ತ ಕೊನೆಯ ಕಾಲಮ್ಮಿಗೆ ಬಂದಾಗ ರೇಣುಕಾ ತಾನೇ ಮಗಳ ವಿಷಯವೆಲ್ಲ ಹೇಳಿಬಿಟ್ಟಳಂತೆ. ಅವರು ಕಾಗದ ಮಡಚಿ, “ನಡತಿ ನಾ ದಿನಾ ನೋಡ್ತೇನಲ್ಲವಾ, ಅದನ್ಯಾಕ ಕಾಗದದಾಗ ಓದೂದು?” ಎಂದು ಒಳಗೆ ಕರೆದರಂತೆ.

ನಾನು ಆಗಲೂ ಹೇಳಬಹುದಾಗಿತ್ತು. ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಸಾಕಷ್ಟು ಹೊತ್ತಿತ್ತು. ಅವಳು ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಸೆರಗು ಸರಿಪಡಿಸಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಹೇಳಿದ್ದು ನಿವೃತ್ತಳಾದ ಮೇಲೆ. ಕಳೆದುಕೊಳ್ಳಲು ಏನೂ ಉಳಿಯದಾಗ ಹೇಳಿದ ಸತ್ಯಕ್ಕೆ ಧೈರ್ಯವೆನ್ನಬಾರದು, ಅದಕ್ಕೆ ಬೇರೆ ಮಾತು ನನಗೆ ಸಿಕ್ಕಿಲ್ಲ. ವಿಳಾಸ ಕೇಳಿಕೊಂಡು ಬ್ಯಾಡಗಿಯ ಅವಳ ಮನೆಗೆ ಹೋದೆ. ರೇಣುಕಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೂರಲು ಮಣೆ ಕೊಟ್ಟಳು. ಆ ಸೋಮವಾರ ಸಹನಾಳಿಗೆ ಓಡು ಎಂದವಳು ನಾನು, ಆ ಕೋಣೆಯಲ್ಲಿ ಅದನ್ನು ನಾನು ಹೇಳಲಿಲ್ಲ ಎಂದು ಒಂದೇ ಸಲಕ್ಕೆ ಹೇಳಿ ಮುಗಿಸಿದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

“ಗೊತ್ತಿತ್ರಿ ನನಗ,” ಎಂದಳು. “ಅವತ್ತ ಮನಿಗೆ ಬಂದ ಕೂಡ್ಲೆ ಆಕಿ ಹೇಳಿದ್ಲು. ಮರುದಿನ ಅಲ್ಲಿ ನೀವ ಹೇಳ್ತೀರಂತ ದಾರಿ ನೋಡಿದ್ನಿ.”

ಅವಳೇ ಮುಂದುವರಿಸಿದಳು.

“ಇಚ್ಛಾ ಅಂತ ಬರಿಯಾಕ ಬರ್ತಿತ್ರಿ ನನಗ. ಎಸ್ಸೆಸ್ಸೆಲ್ಸಿ ಪಾಸಾಗೇನಿ. ನೀವು ಒಮ್ಮೆ ನನ್ನ ಮಾರಿ ನೋಡ್ಲಿ ಅಂತ ಕೇಳಿದ್ನಿ.”

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗಿ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಿಸಿ ರೊಟ್ಟಿಗೆ ಬದನೆಕಾಯಿ ಪಲ್ಯ ಹಾಕಿ ನನ್ನ ಮುಂದಿಟ್ಟಳು. ಉಂಡೆ. ಉಣ್ಣದೇ ಬರುವಷ್ಟು ಅಧಿಕಾರ ನನಗಿರಲಿಲ್ಲ.

ಶಾಲೆ ಬಿಟ್ಟು ಸಹನಾ ಬಂದಳು. ಏಳನೇ ತರಗತಿಯ ಹುಡುಗಿ; ನನ್ನ ಭುಜಕ್ಕೆ ಬಂದಿದ್ದಳು. ಬಾಗಿಲಲ್ಲೇ ಗುರುತು ಹಿಡಿದು, ನಿಮಗೆ ಕೂದಲೆಲ್ಲ ಬೆಳ್ಳಗಾಗಿದೆ ಎಂದು ಕಂಡದ್ದನ್ನು ಹೇಳಿದಳು. ಅವಳಿಗೂ ಎಲ್ಲವನ್ನೂ ಹೇಳಿ, ನನ್ನದು ತಪ್ಪಾಯಿತು ಎಂದೆ. ಒಂದು ಕಾಲಿನ ಮೇಲೆ ನಿಂತು ಕೇಳುತ್ತಿದ್ದವಳು ಇನ್ನೊಂದು ಕಾಲಿಗೆ ಬದಲಾಯಿಸಿದಳು.

“ಆ ಹುಡುಗನ ಹಲ್ಲ ಮತ್ತ ಬಂತೇನ್ರಿ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆ ಘಟನೆಯ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಹುಡುಗ ನನ್ನ ಕಣ್ಣೆದುರೇ ಓಡಾಡಿದ್ದ. ನಾನು ಒಮ್ಮೆಯೂ ಅವನ ಬಾಯಿ ನೋಡಿರಲಿಲ್ಲ.

ಅಂದಿನಿಂದ ವಾರಕ್ಕೆರಡು ದಿನ ಹಾವೇರಿಯಿಂದ ಹೋಗಿ ಅವಳಿಗೆ ಕನ್ನಡ ಓದಿಸುತ್ತ ಕೂತೆ, ನಾನು ಕೂತೆ, ಅವಳು ಓಡಾಡಿದಳು. ನದಾಫ ಮಾಸ್ತರರ ಶಾಲೆಗೂ ಹೋದೆ. ಅವರು ಪವಾಡ ಮಾಡಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನೋಟುಬುಕ್ಕಿಟ್ಟು ನಿಂತು ಬರೆಯಲು ಬಿಟ್ಟಿದ್ದರು, ಅಷ್ಟೇ. ತಾವೂ ಎರಡು ಸಲ ಸಿಟ್ಟಿನಲ್ಲಿ ಕೈ ಮಾಡಿದ್ದಾಗಿ, ಎರಡು ಸಲವೂ ಸಂಜೆ ಅವಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡಿದ್ದಾಗಿ ಅವರೇ ಹೇಳಿದರು. ಗಣಿತದಲ್ಲಿ ಅವಳು ಹಿಂದೆಯೇ ಇದ್ದಳು. ಆದರೆ ನೋಟುಬುಕ್ಕಿನಲ್ಲಿ ಪೂರ್ತಿಯಾದ ಶಬ್ದಗಳು ಕಾಣತೊಡಗಿದ್ದವು, ಅರ್ಧದವೂ ಇದ್ದವು.

ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿಸಲು ಬ್ಯಾಡಗಿಯ ಒಂದು ಪ್ರೌಢಶಾಲೆಗೆ ಮೂವರೂ ಹೋದೆವು. ನದಾಫ ಮಾಸ್ತರರ ಟಿ.ಸಿ.ಯಲ್ಲಿ ಎಲ್ಲವೂ ಸರಿಯಿತ್ತು. ರೇಣುಕಾ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲವೆಂದು ವೈದ್ಯರ ಕಾಗದವನ್ನೂ ಮೇಜಿನ ಮೇಲಿಟ್ಟಳು. ಮುಖ್ಯೋಪಾಧ್ಯಾಯಿನಿ ಅದನ್ನು ಓದಿ, ಹಳೆಯ ದಾಖಲೆ ತಿರುವಿ, ರಾಣೆಬೆನ್ನೂರಿನ ಶಾಲೆಯಿಂದ ವರ್ಷದ ನಡುವೆ ಯಾಕೆ ಬಿಡಿಸಿದಿರಿ ಎಂದು ಕೇಳಿದರು. ರೇಣುಕಾ ನನ್ನ ಕಡೆ ನೋಡಿದಳು. ಈ ಸಲ ನಾನೂ ಅವಳ ಮುಖ ನೋಡಿದೆ.

“ಬಿಡಿಸಿದ್ದು ಇವರಲ್ರಿ, ನಾವು,” ಎಂದೆ. “ನಾ ಓಡು ಅಂದೆ, ಹುಡುಗಿ ಓಡಿದ್ಲು, ಎದುರಿಗೆ ಬಂದ ಹುಡುಗನ ಹಲ್ಲ ಮುರೀತು. ಅಪವಾದ ಆಕಿ ಮ್ಯಾಲ ಬಂತು, ನಾ ಸುಮ್ಮನಿದ್ದೆ.” ಆಮೇಲೆ ಮಾತು ಸರಾಗವಾಯಿತು, ಅವಳಿಗೆ ಏನು ಕೊಟ್ಟರೆ ಕೆಲಸ ನಡೆಯುತ್ತದೆ, ಏನು ಮಾಡಿದರೆ ಕೆಡುತ್ತದೆ ಎಂಬುದನ್ನೆಲ್ಲ ಹೇಳಿದೆ. ಮುಖ್ಯೋಪಾಧ್ಯಾಯಿನಿ ಪೂರ್ತಿ ಕೇಳಿದರು. ತೊಂದರೆಯಾದರೆ ಕರೆಸುತ್ತೇನೆ, ತಾಯಿಯ ಜೊತೆ ನೀವೂ ಬರಬೇಕು ಎಂಬ ಕರಾರಿನ ಮೇಲೆ ಹೆಸರು ಬರೆದುಕೊಂಡರು.

ಕರಾರು ಕರಾರೇ. ಜುಲೈನಲ್ಲಿ ಒಂದು ಸಲ ಕರೆಸಿದರು, ಆಗಸ್ಟಿನಲ್ಲಿ ಒಂದು ಸಲ. ಎರಡು ಸಲವೂ ಹೋಗಿ, ಕೇಳಿ, ಹೇಳಿ, ಬಂದಿದ್ದೇವೆ. ಅವಳು ಇನ್ನೂ ಆ ಶಾಲೆಯಲ್ಲಿದ್ದಾಳೆ. ಇವತ್ತು ಬೆಳಿಗ್ಗೆ ಇದನ್ನು ಬರೆಯುತ್ತ ಕೂತಾಗ ಮತ್ತೆ ರೇಣುಕಾಳ ಫೋನು ಬಂತು: “ಅಕ್ಕೋರ, ಸಾಲಿಂದ ಕರದಾರ್ರಿ. ಬೆಂಚ್ ಮುರದಾಳಂತ.” ಇವಳೇ ಮುರಿದಳೋ, ಮುರಿಯಲು ಕಾದಿದ್ದ ಬೆಂಚಿನ ಮೇಲೆ ಇವಳು ಕೂತಳೋ ತಿಳಿಯದು, ಕೂತಿದ್ದಾಗ ಮುರಿದಿದ್ದರೆ ಅವಳು ಕೂತಿದ್ದಳೆಂಬುದೇ ದೊಡ್ಡ ಸುದ್ದಿ. ಯಾರನ್ನೂ ಕೇಳುವ ಮೊದಲು ಅವಳನ್ನೇ ಕೇಳಬೇಕು. ಬ್ಯಾಡಗಿಗೆ ಹನ್ನೊಂದರ ಬಸ್ಸಿದೆ; ಹೊರಟಿದ್ದೇನೆ.